ಮೂರನೇ ಮಹಡಿಯ ಪದವಿ

ನಮ್ಮ ಕಾಕುವಿಗಿಂತ ಪುಕ್ಕಲು ಹೆಂಗಸು ಉಮರ್ಗಾದಿಂದ ಉದಗೀರದವರೆಗೆ ಎಲ್ಲಾದರೂ ಸಿಕ್ಕರೆ, ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನು ಅವಳಿಗೇ ಕೊಟ್ಟುಬಿಡುತ್ತೇನೆ! ಹೇಗೂ ಅದು ಪೆಟ್ಟಿಗೆಯಲ್ಲೇ ಕೂತಿದೆ. ನನಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಸಿದ್ದು ಕಾಲೇಜಲ್ಲ, ಚಿಕ್ಕಪ್ಪನ ಹೆಂಡತಿಯಾದ ಈ ಕಾಕು.

ಅವಳು ಕಲಿತದ್ದು ನಿಲಂಗಾದ ಮನೆಯಲ್ಲಿ, ಮೊದಲ ನಲವತ್ತು ಪುಟ ಹರಿದುಹೋದ ರದ್ದಿ ಪುಸ್ತಕದಿಂದ. ಎರಡು ಶಾಲೆಗಳ ವೇಳಾಪಟ್ಟಿ ಅವಳ ಪ್ರೋಗ್ರಾಮಿನಿಂದಲೇ ನಡೆಯುತ್ತಿತ್ತು. ಆದರೂ ಆ ನಲವತ್ತು ಪುಟಗಳಲ್ಲಿ ಏನಿತ್ತೋ ಎಂಬ ಭಯ ಹೋಗಿರಲಿಲ್ಲ!

ಇನ್ನೊಂದು ಭಯ ಛತ್ತಿನದು, ಅಂದರೆ ತಲೆಯ ಮೇಲಿನ ಸೂರಿನದು. ಹಿಂದೆ ನಮ್ಮ ಕಡೆ ದೊಡ್ಡ ಭೂಕಂಪವಾಗಿ ಮನೆಗಳು ಕುಸಿದಾಗಿನಿಂದ ಕಾಕು ಬಾಗಿಲಿನಿಂದ ಆರು ಹೆಜ್ಜೆಗಿಂತ ಆಚೆ ಕೂತವಳಲ್ಲ. ಮದುವೆ ಊಟದಲ್ಲೂ ಹೊಸ್ತಿಲ ಪಕ್ಕದ ಎಲೆಯೇ ಆಗಬೇಕು. ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದಿರುತ್ತಿತ್ತು!

ಇಂಥವಳಿಗೆ, ಅವಳು ಪಾಠ ಹೇಳುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಮಾಲೀಕರು ಒಂದು ದಿನ, “ಬಾಯಿ, ಮುಂದಿನ ವರ್ಷದಿಂದ ಡಿಗ್ರಿ ಇದ್ದವರೇ ಕಲಿಸಬೇಕ್ರೀ” ಅಂದರು.

“ನಿನಗ ಎಲ್ಲಾ ಬರ್ತದಲ್ಲ, ಮತ್ತ ಡಿಗ್ರಿ ಯಾಕ?” ಎಂದ ಚಿಕ್ಕಪ್ಪ.

ಕಾಕು ನನ್ನತ್ತ ಕೈ ತೋರಿಸಿದಳು. “ಡಿಗ್ರಿ ಇದ್ದವಂಗ ಏನೂ ಬರಲ್ದು, ಬರೋ ಆಕಿಗಿ ಡಿಗ್ರಿ ಇಲ್ಲ!”

ಮನೆಯಲ್ಲೇ ಓದಿ ಪದವಿ ಪರೀಕ್ಷೆ ಬರೆಯುವುದು ಹೇಗೆಂದು ವಿಚಾರಿಸಲು ನಾನೂ ಕಾಕುವೂ ಉದಗೀರದ ಕಾಲೇಜಿಗೆ ಹೋದೆವು. ಕಾಕು ವಿಷಯ ಕೇಳಲಿಲ್ಲ, ಪುಸ್ತಕ ಕೇಳಲಿಲ್ಲ. “ಪರೀಕ್ಷಾ ಯಾವ ಮಹಡಿ ಮ್ಯಾಲರೀ? ಬಾಗಿಲ ಎಷ್ಟವ?”

“ಮೂರನೇದು. ಒಂದೇ ಬಾಗಿಲ,” ಎಂದ ಗುಮಾಸ್ತ ಪೆನ್ನು ಕೆಳಗಿಟ್ಟ. “ಬಾಯಿ, ಪರೀಕ್ಷಾ ಬರಿಲಾಕ ಬಂದೀರೋ, ಮನಿ ಖರೀದಿ ಮಾಡ್ಲಾಕೋ?”

ನಾನು ನಕ್ಕೆ. ಕಾಕು ನಗಲಿಲ್ಲ. ವಾಪಸು ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹಿಡಿದು ಕೂತು ಹೇಳಿದಳು:

“ನಾ ಕಾಲೇಜ ಸೇರಿ ಮೂರೇ ತಿಂಗಳಿಗಿ ಭೂಮಿ ನಡುಗ್ತು. ಅಪ್ಪ ಬಂದು, ‘ನನ್ನ ಮಗಳು ಛತ್ತಿನ ಕೆಳಗ ಕೂಡೋದು ಬ್ಯಾಡ’ ಅಂದು ಹಾಸ್ಟೆಲಿಂದ ಕರ್ಕೊಂಡು ಹ್ವಾದ. ಸಾಲಿ ಅಲ್ಲಿಗೇ ಮುಗೀತು. ಆ ಅಂಜಿಕಿ ಅವಂದೋ ನಂದೋ, ಇನ್ನಾ ತಿಳಿವಲ್ದು.”

“ಹಂಗಾರ ಪರೀಕ್ಷಾ ಫಾರ್ಮ್ ತುಂಬೋದು ಬಿಡು, ಕಾಕು.”

“ತುಂಬತೀನಿ. ಅಂಜಕೋತನೇ ತುಂಬತೀನಿ.”

ತುಂಬಿದಳು. ಕೆಲವು ವರ್ಷಗಳಲ್ಲಿ ಪದವಿಯೂ ಬಂತು. ನನಗೆ ಮರೆಯಲಾಗದ್ದು ಮಾತ್ರ ಮೊದಲ ಪರೀಕ್ಷೆಯ ದಿನ. ಕಾಕು ಕಟಾಂಜನ ಬಿಗಿಹಿಡಿದು, ಪ್ರತಿ ಮೆಟ್ಟಿಲಿಗೂ ನಿಂತು ಮೇಲೆ ಹೋದಳು. ಅವಳ ನಂಬರು ಎಲ್ಲಿ ಬಂದಿತ್ತು ಅಂತೀರಿ? ಬಾಗಿಲಿಗೆ ಎದುರಿನ ಕಟ್ಟಕಡೆಯ ಮೂಲೆಯಲ್ಲಿ! ಕೆಳಗೆ ನಿಂತ ನಾನು ರಸ್ತೆಯಲ್ಲಿ ಲಾರಿ ಹೋದರೂ ಕಟ್ಟಡ ನಡುಗಿತೇನೋ ಎಂದು ಮೇಲೆ ನೋಡುತ್ತಿದ್ದೆ.

ನಿಲ್ಲಲಾಗದೆ ಕಟ್ಟಡದ ಹಿಂದಕ್ಕೆ ಹೋದೆ. ಅಲ್ಲಿ ಕಾಕುವಿನ ಅಪ್ಪ! ಲೋಹಾರಾ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದ ಮುದುಕರು, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ನಿಂತಿದ್ದರು.

“ಮುತ್ಯಾ, ಏನ್ ಮಾಡ್ಲತ್ತೀರಿ?”

“ಗ್ವಾಡಿ ಹಿಡ್ಕೊಂಡೀನಪಾ. ಆಕಿ ಬರಿಯೋದು ಮುಗೀಲಿ. ಆಕಿಗಿ ಹೇಳಬ್ಯಾಡ.”

ಮೂರು ತಾಸಿನ ಮೇಲೆ ಕಾಕು ಇಳಿದು ಬಂದಳು. ಅಪ್ಪನನ್ನು ನೋಡಿದಳು, ಸುಣ್ಣ ಹತ್ತಿ ಬೆಳ್ಳಗಾದ ಅವರ ಅಂಗೈ ನೋಡಿದಳು. ಸೆರಗಿನಿಂದ ಒಂದೊಂದೇ ಬೆರಳು ಒರೆಸತೊಡಗಿದಳು.