ಸಂಧಾನಕ್ಕೆ ಠರಾವು ಬರೆದ ಎಐ

ಕೇಳದೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಮನುಷ್ಯರಾದರೆ ಎಲೆಯಡಿಕೆ ಕವಳದ ತಟ್ಟೆ ಮುಂದಿಟ್ಟು ಬಾಯಿ ಮುಚ್ಚಿಸಬಹುದು. ಈ ಎಐಗೆ ಏನು ಕೊಡುತ್ತೀರಿ? ಒಂದಲ್ಲ, ಎರಡೆರಡರ ಜತೆ ಜಗಳಾಡಿ ನನ್ನ ಬಿಪಿ ಏರಿ ಕೂತಿದೆ.

ನನ್ನ ಅಣ್ಣ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ. ವೇಷವಿಲ್ಲ, ಕುಣಿತವಿಲ್ಲ; ಶಾಲು ಹೊದ್ದು ಕೂತು ಬರೀ ಮಾತಿನಲ್ಲೇ ಸಭೆಯನ್ನು ಅಳಿಸುತ್ತಿದ್ದ. ಅವನು ತೀರಿಕೊಂಡು ವರ್ಷವಾಗುತ್ತ ಬಂತು. ಮೊನ್ನೆ ಅತ್ತಿಗೆ, "ಭಾವ, ವಾನಳ್ಳಿಲಿ ಅವು ಸಂಧಾನ ಪ್ರಸಂಗದ ಅರ್ಥ ಹೇಳಿದ್ದು ನಿಂಗ ಮೊಬೈಲಲ್ಲಿ ಹಿಡ್ಕಂಡಿದ್ರಲಾ. ಒಂದ್ಸಲ ಆ ದನಿ ಕೇಳವು" ಎಂದಳು. ಅವನ ದನಿ ಉಳಿದಿರುವುದು ಅದೊಂದರಲ್ಲೇ. ಆದರೆ ನನ್ನ ಹಾರ್ಡ್ ಡಿಸ್ಕ್ ಎಂದರೆ ಪಹಣಿ, ಪಾಲುಪಟ್ಟಿ, ಕಂಡವರ ಮದುವೆ ವಿಡಿಯೋ ಎಲ್ಲ ಹೆಸರಿಲ್ಲದೆ ತುಂಬಿದ ಹಾಳು ಅಟ್ಟ.

ಶಿರಸಿಯ ಕಂಪ್ಯೂಟರ್ ಅಂಗಡಿಯ ಸಲೀಂ, "ಎರಡು ಎಐ ಹಾಕ್ಕೊಟ್ಟೀನಿ ಸರ್, ಎಲ್ಲಾ ವಿಂಗಡಿಸಿ ಇಡ್ತಾವ. ಚಲೋ ಇದ್ದದ್ದು ಇಟ್ಕೊಳ್ರಿ" ಎಂದ. ಸರಿ, ಮೊದಲನೆಯದಕ್ಕೆ ತಾಳಮದ್ದಳೆ ಹುಡುಕಿಕೊಡು ಎಂದೆ. ಅಂಥದ್ದೇನೂ ಇಲ್ಲ ಎಂದು ನಯವಾಗಿ ಹೇಳಿತು. ಆಮೇಲೆ ನೋಡಿದರೆ ಆ ಪಾಪಿ ಎಐ, ಅಣ್ಣನ ವಿಡಿಯೋವನ್ನು ನಮ್ಮ ಪಾಲುಪಟ್ಟಿಯ ಜತೆ ಸೇರಿಸಿ 'ದಾಯಾದಿಗಳ ಜಮೀನು ತಕರಾರು' ಎಂದು ಹಣೆಪಟ್ಟಿ ಹಚ್ಚಿತ್ತು!

ಎರಡನೆಯದು ಅದಕ್ಕಿಂತ ಜಾಣ. ವಿಡಿಯೋವನ್ನು 'ಸಭೆಗಳು' ಎಂಬಲ್ಲಿ ಹಾಕಿ, ಕೇಳದಿದ್ದರೂ ಠರಾವು ಬರೆದಿಟ್ಟಿತ್ತು: 'ಐದು ಊರು ಕೇಳಲಾಯಿತು. ಕೊಡಲಾಗದೆಂದು ತಿಳಿಸಲಾಯಿತು. ಮುಂದಿನ ಕ್ರಮ: ಯುದ್ಧ.' ನಿನ್ನ ಮುಸುಡಿಗಿಷ್ಟು! ಆ ಐದು ಊರನ್ನು ಕೇಳಲು ನನ್ನಣ್ಣ ತಾಸುಗಟ್ಟಲೆ ಮಾತಾಡಿದ್ದ. ಹೆಗಡೆಕಟ್ಟಾದಿಂದ ಬಂದವರು ಕೊನೆಯ ಬಸ್ಸು ತಪ್ಪಿದರೂ ಎದ್ದಿರಲಿಲ್ಲ. ಅದನ್ನು ಸೊಸೈಟಿ ಮೀಟಿಂಗ್ ಮಾಡಿತಲ್ಲ ಎಂದು ಒಬ್ಬನೇ ಕೂಗಾಡಿದೆ.

ಅಂತೂ ಸಿಕ್ಕಿತು. ಅತ್ತಿಗೆಯನ್ನು ಕರೆದು ಕೂರಿಸಿ ವಿಡಿಯೋ ಹಚ್ಚಿದೆ. ಭಾಗವತರ ಪದ ಮುಗಿಯಿತು, ಅಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅವನ ದನಿಯ ಮೇಲೆ ಇನ್ನೊಂದು ದನಿ: "ಈಗ ನೋಡು, ಐದೇ ಊರು ಸಾಕು ಹೇಳ್ತ!" ಪಕ್ಕದವನಿಗೆ ಯಾವನೋ ಅರ್ಥಕ್ಕೆ ಅರ್ಥ ಹೇಳುತ್ತಿದ್ದ. ಅಣ್ಣ ಒಂದು ಮಾತಾಡುವ ಮೊದಲು ಇವನದು ಎರಡು. ಯಾವ ಅಧಿಕಪ್ರಸಂಗಿ ಇವನು ಎಂದು ಹಲ್ಲು ಕಡಿದೆ. ಅತ್ತಿಗೆ ನನ್ನ ಮುಖ ನೋಡಿದಳು. ಮೊಬೈಲ್ ಹಿಡಿದವನೇ ಮಾತಾಡಿದ್ದು, ಹಿಡಿದವನು ನಾನು.

ತೆರೆಯ ಮೇಲೆ ಎಐ ಕೇಳಿತು: 'ಒಬ್ಬ ವ್ಯಕ್ತಿಯ ಅನಗತ್ಯ ಮಾತು ಅಡ್ಡಬರುತ್ತಿದೆ. ತೆಗೆಯಲೇ?'

"ಯಾರೋ ಅನಗತ್ಯ?" ಎಂದು ಗುಡುಗಿದೆ.

"ತೆಗ್ದು ಹಾಕಿ, ಭಾವ" ಎಂದಳು ಅತ್ತಿಗೆ.

ಒತ್ತಿದೆ. ಅಣ್ಣನ ದನಿ ತಿಳಿಯಾಗಿ ಬಂತು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಸಿಟ್ಟಿನಲ್ಲೇ ಬಾಯಿ ಮುಚ್ಚಿ ಕೂತು, ಅಣ್ಣನ ಅರ್ಥವನ್ನು ಮೊದಲ ಸಲ ಪೂರ್ತಿ ಕೇಳಿದೆ.