ಎಂಜಿನ್ ಎಣ್ಣೆಯ ಥರ್ಡ್ ಕ್ಲಾಸು

ತಪ್ಪು ಮಾತಾಡಿ ಕೆಟ್ಟವನು ಕ್ಷಮೆಯನ್ನಾದರೂ ಕೇಳಬಹುದು. ಸರಿಯಾದ ಮಾತಾಡಿ ಕೆಟ್ಟವನಿಗೆ ಆ ದಾರಿಯೂ ಇಲ್ಲ. ನಾನು ಹಾಗೆ ಕೆಟ್ಟದ್ದು ಎಂಜಿನ್ ಎಣ್ಣೆಯ ವಿಷಯದಲ್ಲಿ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲಿಗ. ಹತ್ತಿ ಗಿರಣಿಯಲ್ಲಿ ದುಡಿಯುತ್ತಲೇ ಓದಿ ಫಸ್ಟ್ ಕ್ಲಾಸ್ ಗಳಿಸಿದವನು. ಅಂಥವನ ಕೈಗೆ ಅಚ್ಚಾದ ಅಕ್ಷರವಿರುವ ಏನೇ ಸಿಗಲಿ, ಎಣ್ಣೆಯ ಡಬ್ಬಿಯೇ ಆಗಲಿ, ಓದದೆ ಬಿಡುವುದಿಲ್ಲ; ಓದಿದ್ದನ್ನು ಇನ್ನೊಬ್ಬರಿಗೆ ಹೇಳದೆಯೂ ಬಿಡುವುದಿಲ್ಲ.

ಆಗ ನಾನು ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದೆ. ಪಕ್ಕದ ಕ್ವಾರ್ಟರ್ಸಿನ ಧಾರವಾಡದ ಕುಲಕರ್ಣಿಯವರೂ ನಾನೂ ಸೇರಿ ಹಳೆಯ ಕಾರೊಂದನ್ನು ಕೊಂಡಿದ್ದೆವು. ಒಬ್ಬೊಬ್ಬರಿಗೆ ಕೊಳ್ಳುವ ಶಕ್ತಿಯಿರಲಿಲ್ಲ, ಇಬ್ಬರಿಗೂ ಮೆರೆಯುವ ಆಸೆಯಿತ್ತು. ಭಾನುವಾರ ಬಂತೆಂದರೆ ಎರಡೂ ಮನೆಯವರು ಬುತ್ತಿಯ ಗಂಟಿನ ಸಮೇತ, ಒಬ್ಬರ ತೊಡೆಯ ಮೇಲೊಬ್ಬರು ಕೂತು ದಿಂಡೋರಿಯ ಕಡೆ ಹೊರಡುತ್ತಿದ್ದೆವು. ಮುಂದಿನ ಸೀಟನ್ನು ಪೂರಾ ತುಂಬಿಕೊಂಡು ಕುಲಕರ್ಣಿಯವರು ದಾರಿಯುದ್ದಕ್ಕೂ ನಗಿಸುತ್ತಿದ್ದರು.

ಒಂದು ಭಾನುವಾರ ಔರಂಗಾಬಾದ್ ದಾಟಿ ಪೈಠಣಕ್ಕೆ ಹೋಗಿ, ಅವರ ಮಗಳ ಮದುವೆಗೆ ಸೀರೆ ತರುವುದೆಂದು ನಿಶ್ಚಯವಾಯಿತು. ದೂರದ ದಾರಿ, ಎಣ್ಣೆ ಬದಲಿಸಬೇಕಿತ್ತು. ಕುಲಕರ್ಣಿಯವರೇ ಡಬ್ಬಿ ತಂದರು.

“ನಲವತ್ತು ನಂಬರಿಂದು ತಂದೇನ್ರಿ. ಮೂವತ್ತಕ್ಕಿಂತ ನಲವತ್ತು ಹೆಚ್ಚಲ್ಲೇನು?”

“ನಂಬರು ಎಣ್ಣಿ ಎಷ್ಟು ಮಂದ ಅದ ಅನ್ನೂದಷ್ಟ ಹೇಳತದರಿ. ಗುಣ ಹೇಳೂದು ಡಬ್ಬಿ ಮ್ಯಾಲಿನ ಈ ಅಕ್ಷರ,” ಎಂದೆ.

“ಅಂದ್ರ ನನ್ನ ತೂಕ ಬ್ಯಾರೆ, ಬುದ್ಧಿ ಬ್ಯಾರೆ ಅಂತೀರಿ!”

ಎಲ್ಲರೂ ನಕ್ಕರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಎಂಎಲ್ ಎಂದರೆ ಹಗುರ ದುಡಿಮೆಗೆ, ಎಂಎಂ ನಡುವಿನದಕ್ಕೆ, ಎಂಎಸ್ ಬಿರುಸಿನ ದುಡಿಮೆಗೆ, ವಿಷಯ ಇಷ್ಟೇ. ಆದರೆ ಪರೀಕ್ಷೆಯ ಮೆಟ್ಟಿಲು ಹತ್ತಿಯೇ ಮೇಲೆ ಬಂದವನಿಗೆ ಲೋಕವೆಲ್ಲ ಪರೀಕ್ಷೆಯಾಗಿ ಕಾಣುತ್ತದೆ. “ನೀವು ತಂದದ್ದು ಎಂಎಲ್. ಥರ್ಡ್ ಕ್ಲಾಸ್ ಪಾಸಾದಂಗ. ಮನಿ ಮುಂದ ಓಡ್ಯಾಡಾಕ ಸಾಕು, ದೂರದ ದಾರಿಗೆ ನೆಚ್ಚಬಾರದು,” ಎಂದುಬಿಟ್ಟೆ.

ಕುಲಕರ್ಣಿಯವರದು ಥರ್ಡ್ ಕ್ಲಾಸ್ ಡಿಗ್ರಿ. ಅದೇ ಕಾರಣಕ್ಕೆ ಅವರ ಬಡ್ತಿ ತಪ್ಪಿ, ಆ ಕುರ್ಚಿಯಲ್ಲಿ ನಾನು ಕೂತಿದ್ದೆ. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, “ಗಾಡಿ ನಿಮ್ಮ ಕಡೇನ ಇರಲ್ರಿ. ನಾವು ಥರ್ಡ್ ಕ್ಲಾಸ್ ಮಂದಿ, ಸರಕಾರಿ ಯಸ್ಟಿ ಬಸ್ಸಿನ್ಯಾಗ ಹೋಗ್ತೀವಿ,” ಎಂದರು. ನಗುತ್ತಲೇ ಅಂದರು, ಅದಕ್ಕೇ ಇಂದಿಗೂ ಚುಚ್ಚುತ್ತದೆ. ಸಂಜೆ ಅವರ ಮನೆಗೆ ಹೋಗಿ, “ನಾ ಆಡಿದ್ದು ಬರೇ ಎಣ್ಣಿ ಮಾತರಿ, ನಿಮ್ಮದಲ್ಲ,” ಎಂದೆ. “ನೀವು ಹೇಳಿದ್ದು ಖರೇನ ಅದ ಬಿಡ್ರಿ,” ಎಂದು ಚಹಾ ಕೊಟ್ಟರು. ಫಸ್ಟ್ ಕ್ಲಾಸಿನವನು ಚಹಾ ಕುಡಿದು ಎದ್ದು ಬಂದೆ.

ಆ ಭಾನುವಾರ ಅವರು ಬಸ್ಸು ಹತ್ತಿದ ಮೇಲೆ, ದಾರಿಯಲ್ಲಾದರೂ ಇಳಿಸಿ ಕರೆದುಕೊಳ್ಳೋಣವೆಂದು ನಾನೂ ಹೆಂಡತಿಯೂ ಎಂಎಸ್ ಎಣ್ಣೆ ಹಾಕಿದ ಕಾರಿನಲ್ಲಿ ಬೆನ್ನು ಹತ್ತಿದೆವು. ಔರಂಗಾಬಾದಿನ ಆಚೆ, ಏರಿನಲ್ಲಿ ತೆವಳುತ್ತಿದ್ದ ಬಸ್ಸು ಸಿಕ್ಕಿತು. ನಮ್ಮ ಎಂಜಿನ್ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ, ಕಿಟಕಿಯ ಪಕ್ಕ ಕೂತ ಕುಲಕರ್ಣಿಯವರು ಹರಕು ಮರಾಠಿಯಲ್ಲಿ ಇಡೀ ಬಸ್ಸನ್ನು ನಗಿಸುತ್ತಿದ್ದುದು ನಮಗೆ ಕೇಳಿಸಿತು.

“ಕರೀರಲ್ಲಾ,” ಎಂದಳು ಹೆಂಡತಿ.

ಹಾರ್ನ್ ಒತ್ತಿದೆ. ಕುಲಕರ್ಣಿಯವರು ತಿರುಗಲಿಲ್ಲ. ಬಸ್ಸಿನ ಡ್ರೈವರ್ ಮಾತ್ರ ಬದಿಗೆ ಸರಿದು, ಮುಂದೆ ಹೋಗೆಂದು ಕೈಬೀಸಿದ.