'ಓ' ಎನ್ನದ ಕಾಕಾ

ಕರೆದಾಗ ನಮ್ಮ ಕಾಕಾನ ಬಾಯಿಂದ ಒಂದು "ಹೂಂ" ಹೊರಡಿಸುವುದಕ್ಕಿಂತ ಶಹಾಬಾದಿನ ಫರ್ಸಿ ಕಲ್ಲನ್ನು ಮಾತಾಡಿಸುವುದು ಸುಲಭ! ಹಾಗಂತ ಮೂಗನಲ್ಲ, ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದ ಮಾಸ್ತರ. ಅವನನ್ನು ಕೆಡಿಸಿದ್ದು ಒಂದು ಕ್ರಿಯಾಪದ. ಅವನೇ ಹೇಳುತ್ತಿದ್ದ:

"ಆನ್ಸರ್ ಅಂದ್ರ ಬರೇ ಉತ್ತರ ಅಂತ ತಿಳದೀರಿ. ಅದರ ಹಿಂಬದಿಗಿ 'ಸ್ವೇರ್' ಕುಂತದ, ಆಣಿ-ಪ್ರಮಾಣ! ಮುಂದಿನ ತುಂಡು 'ಆನ್' ಅಂದ್ರ ಹಳೇ ಇಂಗ್ಲಿಷಿನಾಗ 'ಎದುರು'. ಹಿಂದಕ ಯಾರರ ತಪ್ಪು ಹೊರಿಸಿದ್ರ, ಎದುರು ನಿಂತು ಆಣಿ ಮಾಡಿ ಹೇಳೋದಕ್ಕ ಆನ್ಸರ್ ಅಂತಿದ್ರು. ಈಗ ಬಾಗಿಲಿಗೂ ಆನ್ಸರ್, ಫೋನಿಗೂ ಆನ್ಸರ್! ಫೋನು ನನ್ನ ಮ್ಯಾಲ ಏನ್ ತಪ್ಪು ಹೊರಸ್ಯಾದ?"

ಕಾಕಿ ಅಡುಗೆಮನೆಯಿಂದ "ಏನ್ರೀ, ಚಹಾ ಬೇಕೇನ್ರಿ?" ಎಂದು ಕೂಗಿದರೂ ಇವನು ತುಟಿ ಬಿಚ್ಚುತ್ತಿರಲಿಲ್ಲ. "ಚಹಾಕ್ಕ ಆಣಿ ಮಾಡ್ಲೇನು?" ಎಂದು ನಮ್ಮ ಕಡೆ ಕಣ್ಣು ಹೊಡೆಯುತ್ತಿದ್ದ. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಟಿ.ಸಿ. ತಡೆದಾಗ ಮಾತ್ರ ಖುಷಿಯೋ ಖುಷಿ! ಎದೆ ಮೇಲೆ ಕೈಯಿಟ್ಟು, "ಆಣಿ ಮಾಡಿ ಹೇಳ್ತೀನ್ರಿ, ಟಿಕೆಟ್ ತಗೊಂಡೀನಿ" ಎಂದ. ಟಿಕೆಟ್ ಕಾಕಿಯ ಚೀಲದಲ್ಲಿತ್ತು, ಕಾಕಿ ಊರಲ್ಲಿದ್ದಳು!

ಹೋದ ವರ್ಷ ಕಾಕಿ ತೀರಿಕೊಂಡಳು. ಕೆಲ ತಿಂಗಳ ಮೇಲೆ ಕಾಕಾನ ಸೊಸೆ ಫೋನ್ ಮಾಡಿದಳು.

"ಭಾವಾ, ಒಂದ್ಸಲ ಬಂದ್ ಹೋಗ್ರಿ. ಮಾವ ಮಾತಾಡಾಕತ್ಯಾರ."

"ಚಲೋನೇ ಆತಲ್ಲವ್ವಾ!"

"ನಮ್ಮ ಜೋಡಿ ಅಲ್ರೀ."

ಹೋದೆ. ನಡು ಮಧ್ಯಾಹ್ನ. ಓಣಿಯಲ್ಲಿ ನಾಯಿಯ ಸುಳಿವೂ ಇಲ್ಲ. ಕಾಕಾ ಬರಿಯ ಫರ್ಸಿ ಮೇಲೆ ಕೂತು ಖಾಲಿ ಅಡುಗೆಮನೆಯತ್ತ ನೋಡುತ್ತಿದ್ದ. ಸೊಸೆ ನನ್ನ ಬೆನ್ನ ಹಿಂದೆಯೇ ನಿಂತಳು.

"ಹೂಂ, ಬೇಕು," ಎಂದ ಕಾಕಾ. ಸ್ವಲ್ಪ ತಡೆದು, "ಸಕ್ಕರಿ ಕಮ್ಮಿ ಹಾಕು." ಮತ್ತೆ ತಡೆದು, ನಕ್ಕು, "ಬಂದೆ, ಬಂದೆ!"

ಮಾತು ಮಾತಿನ ನಡುವೆ ಇನ್ನೊಬ್ಬರು ಮಾತಾಡುವಷ್ಟು ಜಾಗ ಬಿಡುತ್ತಿದ್ದ!

"ಕಾಕಾ, ಯಾರ್ ಕರದ್ರು?"

"ಈಗ್ಯಾರೂ ಕರದಿಲ್ಲೋ. ನನಗೇನ್ ಹುಚ್ಚ ಹಿಡದದೇನು? ಆಕಿ ಇದ್ದಾಗ ಕರದದ್ದಕ್ಕ ಒಂದಕ್ಕೂ ಓ ಅಂದಿರ್ಲಿಲ್ಲ. ಹಂಗೇ ಉಳದಾವ. ಈಗ ಒಂದೊಂದಾಗಿ ಹೇಳಾಕತ್ತೀನಿ."

ಅಷ್ಟರಲ್ಲಿ ಅಡುಗೆಮನೆಯೊಳಗೆ ತಾಟೊಂದು ಠಣ್ಣೆಂದು ಬಿದ್ದು, ಗಿರಗಿರ ತಿರುಗಿ, ನಿಧಾನವಾಗಿ ಸುಮ್ಮನಾಯಿತು. ಊರ ಪಕ್ಕದ ಕಲ್ಲಿನ ಖಣಿಯಲ್ಲಿ ಮದ್ದು ಸಿಡಿಸಿದರೆ ಪಾತ್ರೆ ಬೀಳುವುದುಂಟು. ಆದರೆ ಅವತ್ತು ಐತವಾರ, ಖಣಿ ಬಂದ್.

ಓ ಅನ್ನಲು ಕಾಕಾ ಬಾಯಿ ತೆರೆದ. ದನಿ ಹೊರಡಲಿಲ್ಲ.

ಸೊಸೆ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಮೆಲ್ಲಗೆ ಬಿಟ್ಟಳು. ಸೆರಗು ಸರಿಮಾಡಿಕೊಂಡು, "ಓ ಅತ್ತೀ, ಬಂದೆ," ಎನ್ನುತ್ತ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.